ಛತ್ರಿ ಮರೆತವರಿಗೆ, ಸಂತೃಪ್ತಿ ನಗರದಿಂದ

ಸಂತೃಪ್ತಿ ನಗರ ಎರಡನೇ ಹಂತ,
ಮೈಸೂರಿನ ಹೊರವಲಯ.
ಬೀಗ ಶಕೆ ನೂರ ಹದಿನೆಂಟು, ಚೈತ್ರ ಶುದ್ಧ ಇಪ್ಪತ್ತೊಂದು.

ಅರವತ್ತನಾಲ್ಕನೇ ನಂಬರಿನ ಮನೆಯ ಯಜಮಾನರಿಗೆ ನಮಸ್ಕಾರಗಳು.

ಆಕಾಶ, ಭೂಮಿ ಮತ್ತು ಎಂಟನೇ ಅಡ್ಡರಸ್ತೆಗಳೆಲ್ಲ ಕಿವಿಗೊಟ್ಟು ಕೇಳಬೇಕಾದ ಸಮಾಚಾರವೊಂದನ್ನು ನಿಮ್ಮ ಸನ್ನಿಧಾನಕ್ಕೆ ಒಪ್ಪಿಸಲು ನನಗೆ ಅತೀವ ಹರ್ಷವಾಗುತ್ತಿದೆ. ಈ ವಸಂತದಲ್ಲಿ ನಮ್ಮ ಬಡಾವಣೆಯ ಪಾರ್ಕಿನ ಬೀಗಕ್ಕೆ ಎಣ್ಣೆ ಬಿಡಲಾಗಿದೆ! ಎಣ್ಣೆ ಶುದ್ಧ ಕೊಬ್ಬರಿಯದು. ಬಿಟ್ಟವರು ನಾಗರಿಕ ಹಿತರಕ್ಷಣಾ ಸಂಘದ ಅಧ್ಯಕ್ಷರಾದ ಶ್ರೀಮಾನ್ ಅನಂತಶಯನ ಅವರು. ನಾಗಸ್ವರ ಇತ್ತು, ಸ್ವಾಗತ ಭಾಷಣ ಇತ್ತು, ಎಣ್ಣೆಯ ಬಟ್ಟಲು ಹಿಡಿದುಕೊಂಡವರಿಗೆ ಶಾಲು ಹೊದಿಸಿದ್ದೂ ಆಯಿತು. ತೆಗೆಯುವುದಕ್ಕೆಂದು ಎಣ್ಣೆ ಬಿಟ್ಟರೇನೋ ಎಂದು ನೀವು ಭಾವಿಸಿದ್ದರೆ, ಕ್ಷಮಿಸಿ, ನಿಮಗೆ ಸಂಘಗಳ ಸ್ವಭಾವ ಗೊತ್ತಿಲ್ಲ. ಬೀಗ ಚೆನ್ನಾಗಿರಲಿ ಎಂದು ಬಿಟ್ಟರು, ಅಷ್ಟೇ.

ಮೇಲಿನ ತಿಥಿ ನೋಡಿ ನೀವು ಕನ್ನಡಕ ಒರೆಸಿಕೊಳ್ಳುವುದು ಬೇಡ. ಶುಕ್ಲಪಕ್ಷಕ್ಕೆ ಹದಿನೈದೇ ದಿನ ಎಂಬುದು ನಮಗೂ ತಿಳಿದಿದೆ. ಆದರೆ ವಸಂತದ ಕಾರ್ಯಕ್ರಮಗಳು ಅಷ್ಟರಲ್ಲಿ ಮುಗಿಯುತ್ತಿಲ್ಲವಾದ್ದರಿಂದ ನಮ್ಮ ಕಾರ್ಯಕಾರಿ ಸಮಿತಿಯು ಪಕ್ಷವನ್ನು ಒಂದು ವಾರ ವಿಸ್ತರಿಸಿ ನಿರ್ಣಯ ಮಾಡಿದೆ, ಚಂದ್ರನಿಗೂ ಒಂದು ಪ್ರತಿ ಕಳುಹಿಸಿದೆ. ಉತ್ತರ ಬಂದಿಲ್ಲ. ಬಾರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ, ಇದು ನಿಮ್ಮ ಕಾಲದಿಂದ ಬಂದ ಪದ್ಧತಿ. ಇನ್ನು ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮಾತುಗಳು ನಮಗೆ ಅದಕ್ಕಿಂತ ವಿಚಿತ್ರವಾಗಿವೆ. 'ತಾತ್ಕಾಲಿಕವಾಗಿ' ಎಂದು ನೀವೆಲ್ಲ ಅಷ್ಟು ಧಾರಾಳವಾಗಿ ಬಳಸುತ್ತಿದ್ದಿರಲ್ಲ, ಅದಕ್ಕೆ ಏನು ಅರ್ಥವಿತ್ತೆಂದು ನಮ್ಮ ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ.

ಈ ಕಾಗದ ನಿಮ್ಮ ಕೈಗೆ ಬಂದದ್ದು ಹಿಂಚೀಲದಿಂದ. ಅದು ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಚೀಲ. ಕಾಗದಕ್ಕಿಂತ ಭಾರವಾದದ್ದನ್ನು ಅದು ಹೊರುವುದಿಲ್ಲ, ಒಂದು ಮನೆಗೆ ಒಂದೇ ಸಲ ಅವಕಾಶ. ನಮ್ಮ ಜನ ಅದನ್ನು ಹೆಚ್ಚಾಗಿ ಬಳಸುವುದು ಮುತ್ತಾತಂದಿರನ್ನು ಬೈಯುವುದಕ್ಕೆ. ನನ್ನ ಪಕ್ಕದ ಮನೆಯವರು ತಮ್ಮ ಪಾಲಿನ ಕಾಗದವನ್ನೆಲ್ಲ ಅಡುಗೆಮನೆಯ ವಾಸ್ತು ಸರಿಯಿಲ್ಲವೆಂದು ಬರೆಯುವುದರಲ್ಲೇ ಮುಗಿಸಿದರು. ನಾನು ಸಂಘದ ಪ್ರಚಾರ ಕಾರ್ಯದರ್ಶಿ. ವರ್ಷಾವರ್ಷ 'ವಸಂತ ವರದಿ' ಬರೆದು ಗೋಡೆಗೆ ಅಂಟಿಸುವುದು ನನ್ನ ಕೆಲಸ. ನಾನಿರುವುದು ನಿಮ್ಮದೇ ಮನೆಯಲ್ಲಿ. ಬಾಗಿಲ ಹಿಂದೆ ನೀವು ಛತ್ರಿಗೆಂದು ಹೊಡೆದ ಮೊಳೆ ಇನ್ನೂ ಇದೆ. ಖಾಲಿಯಾಗಿದೆ. ಯಾಕೆ ಖಾಲಿ ಎಂಬುದೇ ಈ ಕಾಗದದ ವಿಷಯ, ಆದರೆ ವರದಿಗಾರನಾದ್ದರಿಂದ ವರದಿಯನ್ನು ಮೊದಲು ಒಪ್ಪಿಸುತ್ತೇನೆ.

ನಿಮ್ಮಲ್ಲಿ ಆರು ಋತುಗಳಿದ್ದವಂತೆ. ನಮ್ಮಲ್ಲಿ ಎರಡು: ತಳವಾಸ ಮತ್ತು ಉಳಿದದ್ದು. ನೀವು ಕಾರು ನಿಲ್ಲಿಸಲೆಂದು ಮನೆಗಳಡಿ ತೋಡಿಸಿದ ತಳಮನೆಗಳಿವೆಯಲ್ಲ, ಬಿಸಿಲು ಬಲಿತ ಮೇಲೆ ನಾವೆಲ್ಲ ಮಂಚ, ಮಡಕೆ, ಮಕ್ಕಳ ಸಮೇತ ಅದರೊಳಗೆ ಇಳಿಯುತ್ತೇವೆ. ಮೇಲಿನ ಬಾಗಿಲು ಮುಚ್ಚುತ್ತಾರೆ. ಮೊದಲ ಮಳೆ ಬೀಳುವ ತನಕ ಅಲ್ಲೇ ಊಟ, ಅಲ್ಲೇ ಶಾಲೆ, ಅಲ್ಲೇ ಜಗಳ. ಒಬ್ಬರು ಬಿಟ್ಟ ಉಸಿರನ್ನೇ ಇನ್ನೊಬ್ಬರು ಎಳೆದುಕೊಂಡು ತಿಂಗಳುಗಟ್ಟಲೆ ಕಳೆಯಬೇಕು. ಇದಕ್ಕೆ ತಳವಾಸವೆಂದು ಹೆಸರು. ಅದಕ್ಕೆ ಮುಂಚೆ ಆಕಾಶ ನೋಡಲು ಸಿಗುವ ಕೆಲವು ದಿನಗಳನ್ನು ನಾವು ವಸಂತ ಎನ್ನುತ್ತೇವೆ, ಮತ್ತು ಆ ದಿನಗಳ ಪ್ರತಿ ಗಳಿಗೆಯನ್ನೂ ಸಂಘ ಒಂದಲ್ಲ ಒಂದು ಕಾರ್ಯಕ್ರಮದಿಂದ ತುಂಬಿಸಿಬಿಡುತ್ತದೆ.

ಈ ಸಲದ ಯುಗಾದಿ ವಿಜೃಂಭಣೆಯಿಂದ ನಡೆಯಿತು. ಬೇವಿನ ಹೂ ಎಲ್ಲೂ ಸಿಗದ ಕಾರಣ ಕಾರ್ಯದರ್ಶಿ ಶಿವರುದ್ರಮ್ಮನವರ ವಾರ್ಷಿಕ ವರದಿಯನ್ನು ಪೂರ್ತಿಯಾಗಿ ಓದಿಸಿ, ಆಮೇಲೆ ಬೆಲ್ಲ ಹಂಚಲಾಯಿತು. ಕಹಿಯ ಪ್ರಮಾಣ ಸಾಕಾಯಿತೆಂದು ಹಿರಿಯರು ಅಭಿಪ್ರಾಯಪಟ್ಟರು. ಉತ್ತಮ ತಾರಸಿ ಸ್ಪರ್ಧೆಯಲ್ಲಿ, ಹೂಕುಂಡಗಳ ಚಿತ್ರವನ್ನು ಅತ್ಯಂತ ನೈಜವಾಗಿ ಬರೆದ ಮೂರನೇ ಅಡ್ಡರಸ್ತೆಯ ಕುಟುಂಬಕ್ಕೆ ಬಹುಮಾನ ಬಂತು. ನೈಜವಾದ ಹೂಕುಂಡ ಇಟ್ಟಿದ್ದವರನ್ನು ನೀರು ಪೋಲು ಮಾಡಿದ್ದಕ್ಕೆ ಕರೆಸಿ ವಿಚಾರಿಸಲಾಯಿತು. ಬೀದಿನಾಯಿಗಳ ಕುರಿತು ನಿಮ್ಮ ಕಾಲದಲ್ಲಿ ಆರಂಭವಾದ ಚರ್ಚೆ ಮುಂದುವರಿದಿದೆ. ನಾಯಿಗಳು ಈಗಿಲ್ಲ. ಚರ್ಚೆಗೆ ಅದರಿಂದ ಅಡ್ಡಿಯಾಗಿಲ್ಲ. ಮೊದಲನೇ ಹಂತ ಎಲ್ಲಿದೆಯೆಂದು ಹುಡುಕಲು ಹೋದ ಉಪಸಮಿತಿ ಇನ್ನೂ ಹಿಂದಿರುಗಿಲ್ಲ.

ಈಗ ಪಾರ್ಕು.

ಬಡಾವಣೆಯ ನಡುವೆ ಎತ್ತರದ ಗೋಡೆ, ಅದಕ್ಕೊಂದು ಕಬ್ಬಿಣದ ಗೇಟು, ಗೇಟಿಗೆ ಬೀಗ. ಒಳಗೆ ನೀವು ನೆಟ್ಟ ಹೊಂಗೆ ಗಿಡಗಳು ಯಾರ ಹಂಗೂ ಇಲ್ಲದೆ ಬೆಳೆದು ಕಾಡಾಗಿವೆ. ಯುಗಾದಿಗೆ ಸರಿಯಾಗಿ ಹೊಸ ಎಲೆ ಬಿಡುತ್ತವೆ. ಆ ಹಸಿರಿಗೆ ನಮ್ಮಲ್ಲಿ ಹೆಸರೇ ಇಲ್ಲ, ಯಾಕೆಂದರೆ ಅದನ್ನು ಹೋಲಿಸಲು ಬಡಾವಣೆಯಲ್ಲಿ ಇನ್ನೊಂದು ಹಸಿರಿಲ್ಲ. ಗೋಡೆಗೆ ಒರಗಿಸಿ ಒಂದು ಎತ್ತರದ ಮಣೆ ಇಟ್ಟಿದ್ದೇವೆ, ಇಣುಕುಮಣೆ ಎನ್ನುತ್ತೇವೆ. ವಸಂತದಲ್ಲಿ ಮನೆಮನೆಗೂ ಸರದಿ ಬರುತ್ತದೆ. ಸ್ನಾನ ಮಾಡಿ, ಮಡಿಯುಟ್ಟು ಬಂದು, ಹತ್ತಿ ಇಣುಕಿ, ಇಳಿದು ಮನೆಗೆ ಹೋಗುತ್ತಾರೆ. ಗೇಟಿನ ಕೆಳಗೆ ಒಂದು ಸಂದಿ ಇದೆ. ಅಲ್ಲಿಂದ ಮಧ್ಯಾಹ್ನದ ಹೊತ್ತು ತಣ್ಣನೆಯ ಗಾಳಿ ಹೊರಗೆ ಸುಳಿಯುತ್ತದೆ. ಹೆಂಗಸರು ನೀರಿನ ಗಡಿಗೆಗಳನ್ನು ಆ ಸಂದಿಗೆ ಒತ್ತಿ ಇಟ್ಟು ತಂಪು ಮಾಡಿಕೊಂಡು ಹೋಗುತ್ತಾರೆ. ಜ್ವರ ಬಂದ ಮಕ್ಕಳನ್ನೂ ಅಲ್ಲೇ ಮಲಗಿಸುತ್ತಾರೆ. ಇಡೀ ಊರು ಒಲೆಯಾಗಿರುವಾಗ ನೆಲದ ಮೇಲೆ ಮನುಷ್ಯ ಬದುಕಿರಬಹುದಾದ ಜಾಗ ಆ ಗೋಡೆಯ ಒಳಗಿನದೊಂದೇ.

ಬೀಗದ ಕೈ ಕಳೆದುಹೋಗಿದೆಯೇ ಎಂದು ನೀವು ಕೇಳುತ್ತೀರಿ. ಇಲ್ಲ ಸ್ವಾಮಿ, ಭದ್ರವಾಗಿದೆ. ಅಧ್ಯಕ್ಷರಿಂದ ಅಧ್ಯಕ್ಷರಿಗೆ ಕೈ ಬದಲಾಗುತ್ತಾ ಬಂದಿದೆ. ಯುಗಾದಿಯ ದಿನ ಅದನ್ನು ಬೆಳ್ಳಿತಟ್ಟೆಯಲ್ಲಿಟ್ಟು ಮೆರವಣಿಗೆಯಲ್ಲಿ ತಂದು ಬೀಗಕ್ಕೆ ತೋರಿಸಿ ವಾಪಸ್ಸು ತೆಗೆದುಕೊಂಡು ಹೋಗುತ್ತೇವೆ.

ಹಾಗಾದರೆ ತೆಗೆಯುವುದಿಲ್ಲವೇಕೆ? ಇದಕ್ಕೆ ಉತ್ತರ ನಮ್ಮಲ್ಲಿ ಮಾತು ಕಲಿತ ಮಗುವಿಗೂ ಗೊತ್ತು. ನಿಮ್ಮ ಕಾಲದ ಕೊನೆಯ ಸರ್ವ ಸದಸ್ಯರ ಸಭೆಯ ನಡಾವಳಿಯನ್ನು ನಾವು ಬಾಯಿಪಾಠ ಮಾಡಿಸುತ್ತೇವೆ, ವಸಂತದ ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ರಾಗವಾಗಿ ಹೇಳುತ್ತೇವೆ. ಯುಗಾದಿಯ ನಂತರದ ಭಾನುವಾರ ಮಧ್ಯಾಹ್ನ, ಪಾರ್ಕಿನ ಹೊಂಗೆ ಮರದ ಕೆಳಗೆ ಸಭೆ ಸೇರಿತು. ಮನೆಗೆಲಸದ ಹೆಂಗಸರು, ಆಟೋದವರು, ಗಾರೆ ಕೆಲಸದವರು ಹೀಗೆ ಹೊರಗಿನವರು ಬಂದು ನೆರಳಿನಲ್ಲಿ ಮಲಗುತ್ತಾರೆಂದು ದೂರು ಬಂತು. ಪಾರ್ಕಿಗೆ ತಾತ್ಕಾಲಿಕವಾಗಿ ಬೀಗ ಹಾಕತಕ್ಕದ್ದು, ಸರ್ವ ಸದಸ್ಯರ ಸಭೆ ಒಪ್ಪಿದರೆ ಮಾತ್ರ ತೆಗೆಯತಕ್ಕದ್ದು ಎಂದು ನಿರ್ಣಯವಾಯಿತು. ಗೋಡೆ ಹಾರಿದವರ, ಬೀಗ ಮುರಿದವರ ಸದಸ್ಯತ್ವ ಅಂದಿಗೇ ರದ್ದು. ಸರ್ವ ಸದಸ್ಯರ ಸಭೆಯು ಎಂದಿನಂತೆ ಇದೇ ಹೊಂಗೆ ಮರದ ಕೆಳಗೇ ನಡೆಯತಕ್ಕದ್ದು, ಬೇರೆಡೆ ನಡೆದರೆ ಊರ್ಜಿತವಲ್ಲ.

ನೀವು ಜಾಣರು, ಈಗಾಗಲೇ ತಲೆ ಚಚ್ಚಿಕೊಂಡಿರಬೇಕು. ಬೀಗ ತೆಗೆಯಲು ಸಭೆ ಸೇರಬೇಕು, ಸಭೆ ಸೇರಲು ಬೀಗ ತೆಗೆಯಬೇಕು. ಹಾರಿ ಒಳಗೆ ಸೇರಿದವರು ಸದಸ್ಯರೇ ಅಲ್ಲವಾದ್ದರಿಂದ ಅವರು ಸೇರಿದ್ದು ಸಭೆಯಲ್ಲ. ಸದಸ್ಯತ್ವ ಹೋದರೆ ಹೋಯಿತು ಎನ್ನುವ ಹಾಗೂ ಇಲ್ಲ, ಸದಸ್ಯರಲ್ಲದವರ ಸಂಸಾರಕ್ಕೆ ತಳಮನೆಯಲ್ಲಿ ಜಾಗವಿಲ್ಲ. ಚಂದ್ರನ ಪಕ್ಷವನ್ನು ಹಿಗ್ಗಿಸುವ ಅಧಿಕಾರ ನಮ್ಮ ಕಾರ್ಯಕಾರಿ ಸಮಿತಿಗಿದೆ. ಆ ಬೀಗ ತೆಗೆಯುವ ಅಧಿಕಾರ ಇಲ್ಲ. ಹೊರಗಿನವರನ್ನು ಹೊರಗಿಡಲೆಂದು ಹಾಕಿದ ಬೀಗ ಅದು. ಅಂದಿನಿಂದ ಇಡೀ ಸಂತೃಪ್ತಿ ನಗರದಲ್ಲಿ ಒಳಗಿನವರು ಎಂಬುವರೇ ಇಲ್ಲ.

ಈಗ ಈ ಸಲದ ಎಣ್ಣೆ ಉತ್ಸವಕ್ಕೆ ಬರುತ್ತೇನೆ.

ನಮ್ಮ ಎದುರುಮನೆಯಲ್ಲಿ ಲಿಂಗರಾಜೇ ಅರಸು ಮತ್ತು ಅವರ ಹೆಂಡತಿ ದೇವಾಜಮ್ಮಣ್ಣಿ ಇದ್ದಾರೆ. ಅರಸರು ಬಡಾವಣೆಯ ಮಕ್ಕಳಿಗೆಲ್ಲ ಗಾಳಿಪಟ ಕಟ್ಟಿಕೊಡುತ್ತಿದ್ದವರು. ಹಾರಿಸಲು ನಮಗೆ ದಿನವಿಲ್ಲದ್ದರಿಂದ ಗಾಳಿಪಟಗಳು ತಳಮನೆಯ ಸೂರಿಗೆ ತೂಗುತ್ತವೆ. ಹೋದ ತಳವಾಸದಲ್ಲಿ ಅವರ ಎದೆ ಕೆಟ್ಟಿತು. ಮಳೆ ಬಿದ್ದು ಬಾಗಿಲು ತೆಗೆದಾಗ ಅವರನ್ನು ಹೊತ್ತು ಮೇಲಕ್ಕೆ ತಂದೆವು. ಇನ್ನೊಂದು ಸಲ ಆ ಗಾಳಿ ಕುಡಿದರೆ ಈ ಜೀವ ಉಳಿಯದು, ಮೇಲೆ ತಂಪಾದ ಜಾಗವಿದ್ದರೆ ನೋಡಿ ಎಂದು ವೈದ್ಯರು ಹೇಳಿದರು. ಮೇಲೆ ತಂಪಾದ ಜಾಗ ಯಾವುದೆಂದು ನಾನು ಮತ್ತೆ ಹೇಳಬೇಕಾಗಿಲ್ಲ.

ಉತ್ಸವದ ದಿನ ದೇವಾಜಮ್ಮಣ್ಣಿ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಡೆ ತಾವು, ಒಂದು ಕಡೆ ನಾನು ಹಿಡಿದು, ಗೇಟಿನ ಮುಂದಕ್ಕೇ ತಂದಿಳಿಸಿದರು. ಎಣ್ಣೆಯ ಬಟ್ಟಲು ಬರುವ ಮುಂಚೆ ಶಿವರುದ್ರಮ್ಮನವರಿಗೆ ಕೈಮುಗಿದು, "ತಳವಾಸ ಮುಗಿಯೋ ತನಕ ಇವರೊಂದು ಮಂಚ ಹಾಕ್ಕೊಂಡು ಒಳಗಿರ್ಲಿ ಕಣ್ರೀ. ಮರ ಏನು ಸವೆದುಹೋಗುತ್ತಾ?" ಎಂದು ಕೇಳಿದರು.

"ಸವೆಯೋ ಮಾತಲ್ಲ ಅಮ್ಮಣ್ಣಿ. ನನಗೇನು ಹೊಟ್ಟೆ ಉರೀನಾ? ಸರ್ವ ಸದಸ್ಯರ ಸಭೆ ಒಪ್ಪಬೇಕು, ಅಷ್ಟೇ."

"ಒಪ್ಪಿಸಿ ಮತ್ತೆ."

"ಸಭೆ ಹೊಂಗೆ ಮರದ ಕೆಳಗೇ ಸೇರ್ಬೇಕಲ್ಲ."

"ಸೇರಿ ಮತ್ತೆ."

"ಬೀಗ ಹಾಕಿದೆಯಲ್ಲ."

"ತೆಗೀರಿ ಮತ್ತೆ!"

"ಸಭೆ ಒಪ್ಪಬೇಕಲ್ಲ ಅಮ್ಮಣ್ಣಿ."

ಅರಸರು ಕುರ್ಚಿಯಿಂದಲೇ, "ಬಿಡು ದೇವಾಜಿ, ಅವರಿಗೂ ತಲೆ ಸುತ್ತುತ್ತೆ. ಎಣ್ಣೆ ಬಿಡ್ಲಿ, ಮನೆಗೆ ಹೋಗೋಣ" ಎಂದರು. ಅಷ್ಟು ಹೇಳುವುದಕ್ಕೆ ಅವರು ನಡುವೆ ಎರಡು ಸಲ ನಿಲ್ಲಬೇಕಾಯಿತು.

ಅಧ್ಯಕ್ಷರು ಮುಂದೆ ಬಂದರು. ನಾಗಸ್ವರ ಏರಿತು. ಒಂದು ಕೈಯಲ್ಲಿ ಬೀಗವನ್ನು ಭಕ್ತಿಯಿಂದ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಎಣ್ಣೆ ಬಿಟ್ಟರು. ಎಣ್ಣೆ ಒಳಗೆ ಇಳಿಯಿತು. ಆಮೇಲೆ ನಡೆದದ್ದನ್ನು ನನ್ನ ಗೋಡೆ ವರದಿಯಲ್ಲಿ ಬರೆಯಲು ಸಮಿತಿ ಒಪ್ಪಲಿಲ್ಲವಾದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ಆ ಬೀಗ, ಯಾರ ನಿರ್ಣಯಕ್ಕೂ ಕಾಯದೆ, ಟಕ್ಕೆಂದು ತೆರೆದುಕೊಂಡಿತು.

ನಾಗಸ್ವರದವನ ಉಸಿರು ಅರ್ಧಕ್ಕೇ ನಿಂತಿತು. ಗೇಟು ತನ್ನ ಭಾರಕ್ಕೆ ತಾನೇ ಒಂದು ಗೇಣು ಒಳಕ್ಕೆ ಸರಿಯಿತು, ಮತ್ತು ಆ ಗೇಣಗಲದಿಂದ ಗಾಳಿ ಬಂತು. ನಾವು ಕಾಲ್ಬೆರಳಿಗೆ ಮಾತ್ರ ಕಂಡಿದ್ದ ತಂಪು ಎಲ್ಲರ ಮುಖಕ್ಕೂ ಒಟ್ಟಿಗೆ ಬಡಿಯಿತು. ಒಂದು ಹೊಂಗೆ ಎಲೆ ಹಾರಿ ಬಂದು ಅರಸರ ತೊಡೆಯ ಮೇಲೆ ಬಿತ್ತು. ಅವರು ಎಷ್ಟೋ ತಿಂಗಳಿನಿಂದ ಎಳೆಯದಷ್ಟು ಉದ್ದಕ್ಕೆ ಉಸಿರೆಳೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ದೇವಾಜಮ್ಮಣ್ಣಿ ನನ್ನ ಕಡೆ ನೋಡಿದರು. ಇಬ್ಬರೂ ಕುರ್ಚಿ ಎತ್ತಿದೆವು.

ಅಷ್ಟರಲ್ಲಿ ಅನಂತಶಯನ ಅವರು ಗೇಟನ್ನು ಎಳೆದುಕೊಂಡರು. "ಯಾರೂ ಗಾಬರಿಯಾಗ್ಬೇಡಿ. ಬೀಗ ತಾನಾಗಿ ತೆರೆದುಕೊಂಡಿದೆ, ಸಂಘ ತೆರೆದಿಲ್ಲ" ಎಂದು ಘೋಷಿಸಿ ಹೆಬ್ಬೆರಳಿನಿಂದ ಒತ್ತಿದರು. ಬೀಗ ಕಚ್ಚಿಕೊಂಡಿತು. ದೊಡ್ಡ ಅನಾಹುತ ತಪ್ಪಿತೆಂದು ಜನ ಚಪ್ಪಾಳೆ ತಟ್ಟಿದರು. "ಎಣ್ಣೆ ಒಳ್ಳೇದಿತ್ತು" ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು.

ದೇವಾಜಮ್ಮಣ್ಣಿ ಕುರ್ಚಿ ಇಳಿಸಿದರು. "ಅಲ್ಲಾ ಅನಂತಶಯನರೇ, ತೆಗೆಯೋಕೆ ಇಷ್ಟು ಸಭೆ, ಇಷ್ಟು ನಿರ್ಣಯ ಬೇಕು. ಹಾಕೋಕೆ ನಿಮ್ಮೊಂದು ಹೆಬ್ಬೆರಳು ಸಾಕಾ?" ಎಂದರು. ಅಧ್ಯಕ್ಷರು ಕಾರ್ಯಕ್ರಮದ ಪಟ್ಟಿ ನೋಡಿಕೊಂಡರು. ವಂದನಾರ್ಪಣೆ ಇತ್ತು.

ಆಮೇಲೆ, ಬಡಾವಣೆ ಕಟುಕರದ್ದಲ್ಲವೆಂದು ತೋರಿಸಲೋ ಏನೋ, ಅರಸರಿಗೆ ಇಣುಕುಮಣೆಯ ವಿಶೇಷ ಸರದಿ ಕೊಟ್ಟರು. ನಾಲ್ಕು ಜನ ಎತ್ತಿ ಹಿಡಿದೆವು. ಅವರು ತುಂಬಾ ಹೊತ್ತು ನೋಡಿದರು. ಇಳಿಸಿದಾಗ ನಕ್ಕು, "ಛತ್ರಿ ಇನ್ನೂ ಅಲ್ಲೇ ಇದೆ ಕಣ್ರಯ್ಯಾ" ಎಂದರು.

ಯಜಮಾನರೇ, ಅದು ನಿಮ್ಮ ಛತ್ರಿ.

ನಾವು ರಾಗವಾಗಿ ಹಾಡುವ ನಡಾವಳಿಯಲ್ಲಿ ಒಂದು ಸಾಲು ಇದೆ. ಎಲ್ಲರೂ ಆ ಸಾಲಿಗೆ ತಲೆಬಾಗುತ್ತಾರೆ. 'ಸಭೆಗೆ ಒಬ್ಬ ಸದಸ್ಯರ ಕೊರತೆಯಿದ್ದು, ಮುಂದೂಡುವ ಹೊತ್ತಿಗೆ, ಬೆಳಗಿನ ವಾಕಿಂಗಿನಲ್ಲಿ ಮರೆತಿದ್ದ ಛತ್ರಿಯನ್ನು ತೆಗೆದುಕೊಂಡು ಹೋಗಲು ಬಂದ ಅರವತ್ತನಾಲ್ಕನೇ ನಂಬರಿನ ಮನೆಯವರನ್ನು ಹಾಜರಿಗೆ ಸೇರಿಸಿಕೊಂಡು ಕೋರಂ ಭರ್ತಿ ಮಾಡಲಾಯಿತು.' ನೀವು ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ಕೈಯೆತ್ತಿ ಅಂದಾಗ ಎತ್ತಿದಿರಿ, ಅಷ್ಟೇ. ನಿಮ್ಮನ್ನು ದೂರುತ್ತಿಲ್ಲ. ಮನೆಗೆ ಬೇಗ ಹೋಗಬೇಕಾಗಿದ್ದ ಮನುಷ್ಯ ಯಾವುದಕ್ಕೆ ಬೇಕಾದರೂ ಕೈಯೆತ್ತುತ್ತಾನೆ. ಆದರೆ ಬೀಗ ಹಾಕುವ ಸಂಭ್ರಮದಲ್ಲಿ ಎಲ್ಲರನ್ನೂ ಅವಸರವಾಗಿ ಹೊರಗೆ ಕಳಿಸಿದರು, ನಿಮ್ಮ ಛತ್ರಿ ಮರದಲ್ಲೇ ಉಳಿಯಿತು. ಬಟ್ಟೆ ಯಾವತ್ತೋ ಹೋಗಿದೆ. ಹಿಡಿಯನ್ನು ಕೊಂಬೆ ನುಂಗಿದೆ. ಮಣೆ ಹತ್ತಿದರೆ ಕಡ್ಡಿಗಳು ಮಾತ್ರ ಎಲೆಗಳ ನಡುವೆ ಕಾಣುತ್ತವೆ.

ಇದನ್ನು ಬರೆಯುವಾಗ ಎದುರುಮನೆಯಲ್ಲಿ ಸಾಮಾನು ಕಟ್ಟುತ್ತಿದ್ದಾರೆ. ನಾಳೆ ತಳವಾಸ ಆರಂಭ. ದೇವಾಜಮ್ಮಣ್ಣಿ ಗಂಡನ ಮಂಚವನ್ನು ಮೆಟ್ಟಿಲಿಗೆ ಹತ್ತಿರ ಹಾಕಲು ಹೇಳಿದ್ದಾರೆ, ಬಾಗಿಲ ಸಂದಿಯಿಂದ ಏನಾದರೂ ಬರುತ್ತದೆಂಬ ಆಸೆಯಿಂದ. ಅರಸರು ಆ ಹೊಂಗೆ ಎಲೆಯನ್ನು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಸಂಘದವರು ಅದನ್ನು ವಾಪಸ್ಸು ಕೇಳಿ ಕಳಿಸಿದ್ದರು. ಕೇಳಲು ಬಂದವರಿಗೆ ಅಮ್ಮಣ್ಣಿ ಏನು ಹೇಳಿದರೆಂದು ಬರೆಯಲು ಈ ಕಾಗದದಲ್ಲಿ ಜಾಗವಿಲ್ಲ, ಮರ್ಯಾದೆಯೂ ಅಲ್ಲ.

ಆದ್ದರಿಂದ ನಿಮ್ಮಲ್ಲೊಂದು ಸಣ್ಣ ಕೋರಿಕೆ. ಸಂಘವನ್ನು ಎದುರು ಹಾಕಿಕೊಳ್ಳಿ, ಭಾಷಣ ಮಾಡಿ, ಉಪವಾಸ ಕೂರಿ ಎಂದೆಲ್ಲ ನಾನು ಕೇಳುವುದಿಲ್ಲ. ನೀವು ಅಂಥವರಲ್ಲವೆಂದು ನಡಾವಳಿಯಿಂದಲೇ ತಿಳಿಯುತ್ತದೆ. ಯುಗಾದಿಯ ನಂತರದ ಭಾನುವಾರ, ಊಟ ಮಾಡಿ ಏಳುವಾಗ ಬಾಗಿಲ ಹಿಂದಿನ ಮೊಳೆ ಖಾಲಿಯಾಗಿರುವುದು ನಿಮ್ಮ ಕಣ್ಣಿಗೆ ಬೀಳುತ್ತದೆ. ಛತ್ರಿ ಪಾರ್ಕಿನಲ್ಲೇ ಬಿಟ್ಟೆನಲ್ಲ ಎಂದು ನೆನಪಾಗುತ್ತದೆ. ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ದಯಮಾಡಿ ಹಾಕಿಕೊಳ್ಳಬೇಡಿ. ಮಾವಿನಕಾಯಿ ಚಿತ್ರಾನ್ನ ಮಿಕ್ಕಿದ್ದರೆ ಇನ್ನೊಂದಿಷ್ಟು ಬಡಿಸಿಕೊಳ್ಳಿ, ಫ್ಯಾನು ಹಾಕಿಕೊಂಡು ಸಂಜೆಯ ತನಕ ಮಲಗಿಬಿಡಿ.

ಛತ್ರಿಯನ್ನು ಸೋಮವಾರ ಹೋಗಿ ತನ್ನಿ. ಗೇಟು ತೆಗೆದಿರುತ್ತದೆ.